ಮನವಿ ಮೇಷ್ಟ್ರು

ಜೂನ್ ಒಂದನೇ ತಾರೀಖು ಬೆಳಗಿನ ಜಾವ ಐದೂವರೆಗೆಲ್ಲ ನಮ್ಮ ತಾಲೂಕಿನ ಅರ್ಧಕ್ಕರ್ಧ ಮೇಷ್ಟ್ರುಗಳ ಮೊಬೈಲು ಒಂದೇ ಸಲ ಟಿಣ್ ಅನ್ನುತ್ತದೆ. 'ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು ಗುರುಗಳೇ, ತಾಯಿ ಭುವನೇಶ್ವರಿ ಆಯುರಾರೋಗ್ಯ ಕರುಣಿಸಲಿ.' ಕೆಳಗೆ ಕೈಮುಗಿದು ನಿಂತವರ ಫೋಟೋ. ಅರ್ಧ ತಾಲೂಕು ಒಂದೇ ದಿನ ಹುಟ್ಟಿದ್ದು ಹೇಗೆ ಅಂತೀರಾ? ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸಲು ಬಂದ ಅಪ್ಪಂದಿರನ್ನು ಮಗ ಹುಟ್ಟಿದ್ದು ಯಾವಾಗ ಅಂತ ಕೇಳಿದರೆ 'ಮಾರಮ್ಮನ ಹಬ್ಬ ಆಗಿ ಎಂಟು ದಿನಕ್ಕೆ ಸ್ವಾಮಿ' ಅನ್ನುತ್ತಿದ್ದರು. ಹೆಡ್‌ಮೇಷ್ಟ್ರು ಯಾವ ವರ್ಷದ ಮಾರಮ್ಮ ಅಂತ ವಿಚಾರಿಸುವ ಗೋಜಿಗೆ ಹೋಗದೆ 1-6 ಎಂದು ಬರೆದು ಮುಗಿಸುತ್ತಿದ್ದರು.

ಆ ಜೂನ್ ಒಂದರ ಸಂತಾನವೆಲ್ಲ ಅರವತ್ತು ತುಂಬುವ ಹಿಂದಿನ ದಿನ, ಅಂದರೆ ಮೇ 31ಕ್ಕೆ, ಗುಂಪುಗುಂಪಾಗಿ ನಿವೃತ್ತವಾಗುತ್ತದೆ. ಅವತ್ತು ಶಾಲು, ಪೇಟ, ಹಣ್ಣಿನ ಬುಟ್ಟಿ ಹಿಡಿದು ಮೊದಲು ಹಾಜರಾಗುವವರೂ ಆ ಫೋಟೋದವರೇ. ಆದರೆ ಮಾರನೆಯ ದಿನ, ನಿಜವಾಗಿಯೂ ಅರವತ್ತು ತುಂಬಿದ ಬೆಳಿಗ್ಗೆ, ಆ ಮೊಬೈಲುಗಳು ಟಿಣ್ ಅನ್ನುವುದಿಲ್ಲ. ಶಿಕ್ಷಕರ ಸಂಘದಲ್ಲಿ ಮತ ಹೋದಮೇಲೆ ಹುಟ್ಟಿದ್ದೂ ಲೆಕ್ಕಕ್ಕಿಲ್ಲ.

ಇವರೇ ನಮ್ಮ ಮನವಿ ಮೇಷ್ಟ್ರು. ನಿಜವಾದ ಹೆಸರು ಹೇಳುವುದಿಲ್ಲ. ನಿಮ್ಮ ತಾಲೂಕಿನಲ್ಲೂ ಒಬ್ಬರಿದ್ದಾರಲ್ಲ, ಆ ಹೆಸರನ್ನೇ ಹಾಕಿಕೊಂಡು ಓದಿ. ಮನವಿಪತ್ರ ಕೊಡುವುದರಲ್ಲಿ ಅವರ ಪಳಗಿದ ಕೈ ನೋಡಿಯೇ ಈ ಹೆಸರು ಬಿದ್ದದ್ದು. ಮಂತ್ರಿ ಬರಲಿ, ಶಾಸಕರು ಬರಲಿ, ಡಿಡಿಪಿಐ ಊಟಕ್ಕೆ ಇಳಿಯಲಿ, ಜೇಬಿನಿಂದ ಒಂದು ಮನವಿ ಹೊರಬರುತ್ತದೆ. ಕೊಡುವ ರೀತಿಯನ್ನು ಗಮನಿಸಬೇಕು. ಕಾಗದದ ಒಂದು ತುದಿ ಮಂತ್ರಿಗಳ ಕೈಯಲ್ಲಿ, ಇನ್ನೊಂದು ತುದಿ ಇವರ ಕೈಯಲ್ಲಿ. ಮಂತ್ರಿಗಳು ಕಾರು ಎಲ್ಲಿದೆ ಅಂತ ನೋಡುತ್ತಿರುತ್ತಾರೆ, ಇವರು ಕ್ಯಾಮೆರಾ ನೋಡುತ್ತಿರುತ್ತಾರೆ. ಫೋಟೋ ಬಿತ್ತು ಅಂತ ಖಾತ್ರಿಯಾಗುವವರೆಗೆ ಆ ಕಾಗದವನ್ನು ಬಿಡುವುದಿಲ್ಲ. ಒಮ್ಮೆ ಎಳೆದಾಟದಲ್ಲಿ ಮನವಿ ಹರಿದು, ಬೇಡಿಕೆ ಒಂದರಿಂದ ನಾಲ್ಕು ಸರ್ಕಾರಕ್ಕೂ ಐದರಿಂದ ಎಂಟು ಸಂಘಕ್ಕೂ ಉಳಿದವು.

ಅವರ ಶಾಲೆಯಲ್ಲಿ ಇರುವುದು ಇಬ್ಬರೇ ಶಿಕ್ಷಕರು. ಅಲ್ಲಿ ಹಾಜರಿ ಪುಸ್ತಕ ತೆಳ್ಳಗಿದೆ, ಚಲನವಲನ ವಹಿ ದಪ್ಪಗಿದೆ. 'ಕಚೇರಿ ಕೆಲಸದ ನಿಮಿತ್ತ ಬಿಇಒ ಕಚೇರಿಗೆ' ಎಂಬ ಸಾಲನ್ನು ಬರೆದು ಬರೆದು ಅವರ ಅಕ್ಷರ ಮುತ್ತಿನಂತಾಗಿದೆ. ಪಾಪ, ಜೊತೆಗಿರುವ ಮೇಡಂ ಒಂದರಿಂದ ಐದರವರೆಗೆ ಎಲ್ಲ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಒಬ್ಬರಿಗೆ ಮಗ್ಗಿ, ಒಬ್ಬರಿಗೆ ಕಾಗುಣಿತ, ಒಬ್ಬರಿಗೆ ಮೊಟ್ಟೆ ಅಂತ ದಿನ ತಳ್ಳುತ್ತಾರೆ. ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಬಂದವರು 'ನಿಮ್ಮ ಸಾರ್ ಏನು ಪಾಠ ಮಾಡ್ತಾರೋ?' ಅಂತ ಕೇಳಿದ್ದಕ್ಕೆ ನಾಲ್ಕನೇ ಕ್ಲಾಸಿನ ಹುಡುಗ ಎದ್ದು ನಿಂತು, 'ಮೀಟಿಂಗು ಸಾರ್' ಅಂದನಂತೆ.

ಆ ಮೀಟಿಂಗುಗಳಲ್ಲಿ ಅವರು ಗುಡುಗುವುದು ಏನನ್ನು ಗೊತ್ತೇ? 'ಶಿಕ್ಷಕರನ್ನು ಪಾಠ ಮಾಡಲು ಬಿಡಿ!' ಇಲ್ಲಿ ನಗಬಾರದು, ಏಕೆಂದರೆ ಮಾತು ಅಪ್ಪಟ ನಿಜ. 2013ರಲ್ಲಿ ಕ್ಷೀರಭಾಗ್ಯ ಬಂದಮೇಲೆ ಹಾಲಿನ ಪುಡಿ ಗಂಟುಗಟ್ಟದಂತೆ ಕಲಸುವುದು ನಮಗೆ ಬಂದಿದೆ. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು, ಚಿಕ್ಕಿಯವರೆಷ್ಟು ಅಂತ ಮೂರು ಲೆಕ್ಕ ಇಟ್ಟಿದ್ದೇವೆ. ಬಿಎಲ್‌ಒ ಆಗಿ ಸತ್ತವರ ಹೆಸರು ತೆಗೆದು ಹದಿನೆಂಟು ತುಂಬಿದವರ ಹೆಸರು ಸೇರಿಸುತ್ತೇವೆ. 2025ರ ದಸರಾ ರಜೆಯಲ್ಲಿ ಮನೆಮನೆ ಸಮೀಕ್ಷೆಗೆ ಹೋಗಿ ನಾಯಿಗಳ ಪರಿಚಯವನ್ನೂ ಮಾಡಿಕೊಂಡೆವು. ಊರಿನವರೆಲ್ಲ ಮತ ಹಾಕಲಿ ಅಂತ ಇಷ್ಟೆಲ್ಲ ಮಾಡುವ ಪ್ರಾಥಮಿಕ ಶಾಲಾ ಮೇಷ್ಟರಿಗೆ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲಿ ಮಾತ್ರ ಮತವಿಲ್ಲ. 75 ಸ್ಥಾನದ ಪರಿಷತ್ತಿನಲ್ಲಿ 7 ಸ್ಥಾನ ಶಿಕ್ಷಕರಿಗೆ ಅಂತ ಇದೆ. ಆದರೆ ಸಂವಿಧಾನದ ಪ್ರಕಾರ ಅಲ್ಲಿ ಶಿಕ್ಷಕ ಎಂದರೆ ಪ್ರೌಢಶಾಲೆ ಮತ್ತು ಅದಕ್ಕೆ ಮೇಲಿನವರು. ಅಆಇಈ ಕಲಿಸಿದವನು ಆ ಲೆಕ್ಕದಲ್ಲಿ ಬರುವುದಿಲ್ಲ. ಹಾಗಾಗಿ ನಮ್ಮ ರಾಜಕೀಯದ ತೀಟೆಯೆಲ್ಲ ಸಂಘದ ಚುನಾವಣೆಯಲ್ಲೇ ತೀರಬೇಕು.

ಪ್ರಣಾಳಿಕೆ ಅಂತ ಒಂದು ಇರುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೇ ಪಿಂಚಣಿ. (ಮನವಿ ಮೇಷ್ಟ್ರು ಸೇರಿದ್ದು ಅದಕ್ಕೂ ಮೊದಲು. ಆದ್ದರಿಂದ ಯಾವ ಚಿಂತೆಯೂ ಇಲ್ಲದೆ ಗಟ್ಟಿಯಾಗಿ ಹೋರಾಡಬಲ್ಲರು.) 2017ರ ನೇಮಕಾತಿ ನಿಯಮ ಬದಲಿಸಿ, ಡಿಗ್ರಿ ಮಾಡಿಯೂ ಒಂದರಿಂದ ಐದನೇ ತರಗತಿಗೇ ಸೀಮಿತರಾದವರಿಗೆ ನ್ಯಾಯ. ಗುರುಭವನಕ್ಕೆ ಲಿಫ್ಟು. ಗುರುಭವನಕ್ಕೆ ಇನ್ನೂ ಒಂದನೇ ಮಹಡಿ ಇಲ್ಲ ಅಂತ ಯಾರೋ ನೆನಪಿಸಿದರು. ಎದುರಾಳಿ ಪ್ಯಾನೆಲ್ಲಿನ ಪ್ರಣಾಳಿಕೆಯೂ ಇದೇ, ಮುದ್ರಣ ದೋಷಗಳ ಸಮೇತ. ಎರಡನ್ನೂ ಡಿಟಿಪಿ ಮಾಡಿದ್ದು ಬಸ್‌ಸ್ಟ್ಯಾಂಡ್ ಪಕ್ಕದ ಒಂದೇ ಅಂಗಡಿ. ತಾಲೂಕಿನಲ್ಲಿ ಮೇಡಂಗಳ ಮತವೇ ಹೆಚ್ಚು. ವೇದಿಕೆಯ ಮೇಲೆ ಅವರ ಪಾಲಿಗೆ ಬರುವುದು ಪ್ರಾರ್ಥನೆ ಮತ್ತು ವಂದನಾರ್ಪಣೆ.

ಇಷ್ಟು ಹೇಳಿದ ಮೇಲೆ ನನ್ನದೊಂದು ಋಣವನ್ನೂ ಹೇಳಬೇಕು. ಒಂದು ವರ್ಷ ನನ್ನ ವೇತನ ಬಡ್ತಿ ನಿಂತುಹೋಯಿತು. ಕಚೇರಿಗೆ ನಾಲ್ಕು ಸಲ ಅಲೆದೆ. ಕೇಸ್ ವರ್ಕರ್ ನಾಲ್ಕು ಸಲವೂ 'ಎಸ್.ಆರ್. ಸಿಗ್ತಿಲ್ಲ ಸಾರ್, ನಾಳೆ ಬನ್ನಿ' ಅಂದರು. ಐದನೇ ಸಲ ಮನವಿ ಮೇಷ್ಟ್ರು ಜೊತೆಗೆ ಬಂದರು. ಸೀದಾ ಒಳಗೆ ಹೋಗಿ, ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದ ಕಟ್ಟು ಬಿಚ್ಚಿ, ನನ್ನ ಸೇವಾ ಪುಸ್ತಕ ಎಳೆದರು. ಪುಟ ತಿರುವುತ್ತಾ ನಾನು ಯಾವ ವರ್ಷ ಎಷ್ಟು ದಿನ ಪರಿವರ್ತಿತ ರಜೆ ಹಾಕಿದ್ದೆ ಅಂತ ಗಟ್ಟಿಯಾಗಿ ಓದಿ, ಪ್ರತಿ ರುಜುವಿನ ಮೇಲೂ ಬೆರಳಾಡಿಸಿ, 'ಏನ್ ಸಾರ್, ಇಷ್ಟು ಉದ್ದ ಬಾಲ ಬಿಡ್ತೀರಿ!' ಅಂದರು. ತಿಂಗಳೊಳಗೆ ಬಾಕಿ ಬಂತು. ನಾವೆಲ್ಲ ಮರ್ಯಾದಸ್ಥರು, ಕಚೇರಿಯ ಮೆಟ್ಟಿಲು ಹತ್ತಲು ಸಂಕೋಚ ಪಡುವವರು. ನಮ್ಮ ಸಂಕೋಚದ ಮೇಲೇ ಅವರ ನಾಯಕತ್ವ ನಿಂತಿದೆ. ಅವರ ಪಾಠ ಕೆಟ್ಟದ್ದರಲ್ಲಿ ನನ್ನ ಬಡ್ತಿಯ ಪಾಲೂ ಒಂದಿಷ್ಟಿದೆ.

ಚುನಾವಣೆ ಬಂತೆಂದರೆ ಅವರ ಕೈಯಲ್ಲಿ ಮತದಾರರ ಪಟ್ಟಿ. ಪ್ರತಿ ಹೆಸರಿನ ಮುಂದೆ ಒಂದು ಗುರುತು: ನಮ್ಮವರಿಗೆ ರೈಟು, ಅವರವರಿಗೆ ಇಂಟು, ಸಂಶಯದವರಿಗೆ ಪ್ರಶ್ನಾರ್ಥಕ ಚಿಹ್ನೆ. ಜಾತಿ, ಒಳಜಾತಿ, ಡಿ.ಎಡ್. ಬ್ಯಾಚು, ಹೆಂಡತಿಯ ತವರು, ಎಲ್ಲ ತೂಗಿಯೇ ಗುರುತು. ಕಾಫಿ ಕುಡಿಯುವಾಗ ಪಟ್ಟಿಯನ್ನು ಟೇಬಲ್ಲಿನ ಮೇಲಿಟ್ಟಿದ್ದರು. ಇಣುಕಿದೆ. ನನ್ನ ಹೆಸರಿನ ಮುಂದೆ ಎರಡು ಪ್ರಶ್ನಾರ್ಥಕ ಚಿಹ್ನೆ! ಸಿಟ್ಟೂ ಬಂತು, ಸ್ವಲ್ಪ ಹೆಮ್ಮೆಯೂ ಆಯಿತು. 'ಮೇಷ್ಟ್ರೇ, ನನ್ನ ಮತ ನಿಮಗೇ' ಅಂದೆ. ಹಿಂದಿನ ಸಂಜೆ ಎದುರಾಳಿಗೂ ಇದನ್ನೇ ಹೇಳಿದ್ದೆ.

ಮತದಾನ ಭಾನುವಾರ ನಡೆಯಿತು, ಸಂಜೆಯೇ ಎಣಿಕೆ. ನಾವೆಲ್ಲ ಪಿಆರ್‌ಒ, ಎಪಿಆರ್‌ಒ ಆಗಿ ಬೂತುಗಳಲ್ಲಿ ರಾತ್ರಿ ಕಳೆದವರು. ಅಜ್ಜಿಯರಿಗೆ 'ಒಂದೇ ಗುರುತು ಅಜ್ಜಿ, ಬೇರೇನೂ ಬರೀಬಾರದು' ಅಂತ ಹೇಳಿ ಹೇಳಿ ಗಂಟಲು ಹರಿದುಕೊಂಡವರು. ಆದರೆ ಪೆಟ್ಟಿಗೆ ಒಡೆದು ನೋಡಿದರೆ ಒಂದು ಹಿಡಿ ತಿರಸ್ಕೃತ ಮತ. ಒಬ್ಬರು ಎಲ್ಲರಿಗೂ ರೈಟು ಹಾಕಿ ಸರ್ವರಿಗೂ ಸಮಪಾಲು ಕೊಟ್ಟಿದ್ದರು. ಒಬ್ಬರು ಅಭ್ಯರ್ಥಿಯ ಹೆಸರಿನಲ್ಲಿದ್ದ ಒತ್ತಕ್ಷರದ ತಪ್ಪನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ್ದರು. ಇನ್ನೊಬ್ಬರು, ಮೂವತ್ತು ವರ್ಷ ಕಾಪಿ ಪುಸ್ತಕ ತಿದ್ದಿದ ಅಭ್ಯಾಸಬಲದಿಂದ, ರೈಟು ಹಾಕಿ ಕೆಳಗೆ ತಾರೀಖು ಸಮೇತ ರುಜು ಮಾಡಿದ್ದರು.

ಮನವಿ ಮೇಷ್ಟ್ರು ಸಲೀಸಾಗಿ ಗೆದ್ದರು. ಸೋಮವಾರ ನಮ್ಮ ಶಾಲೆಗೆ ಬಂದರು, ಕೊರಳಲ್ಲಿ ಬಾಡಿದ ಹಾರ, ಕೈಯಲ್ಲಿ ಪೇಡೆಯ ಡಬ್ಬಿ. ಮಕ್ಕಳಿಗೆಲ್ಲ ಒಂದೊಂದು ಕೊಟ್ಟು, ನನಗೆ ಎರಡು ಕೊಟ್ಟರು.

'ಅಭಿನಂದನೆ ಮೇಷ್ಟ್ರೇ' ಅಂದೆ.

'ನಿಮ್ಮಂಥವರ ಆಶೀರ್ವಾದ ಸಾರ್' ಅಂದರು. ಒಂದು ಪೇಡೆಯನ್ನು ಬಾಯಿಗೆ ಹಾಕಿಕೊಂಡು, ಅದು ಪೂರ್ತಿ ಕರಗುವ ತನಕ ನನ್ನ ಮುಖವನ್ನೇ ನೋಡಿದರು. 'ಎಣಿಕೆ ಟೇಬಲ್ ಹತ್ರಾನೇ ನಿಂತಿದ್ದೆ. ಆ ಬಾಲ ಇನ್ನೂ ಹಂಗೇ ಬಿಡ್ತೀರಲ್ಲ ಸಾರ್.'

ಪೇಡೆ ನನ್ನ ಗಂಟಲಲ್ಲೇ ನಿಂತಿತು. ಮೇಷ್ಟ್ರು ಬೈಕು ಹತ್ತಿ ಕಿಕ್ ಹೊಡೆದು, ಮತ್ತೆ ನಿಲ್ಲಿಸಿ ತಿರುಗಿ ನೋಡಿದರು.

'ಅಂದಹಾಗೆ ಸಾರ್, ನಿಮ್ಮ ಗಳಿಕೆ ರಜೆ ನಗದೀಕರಣದ ಫೈಲು ಕಚೇರಿಯಲ್ಲೇ ಇದೆ ಅಲ್ವಾ?'