ಪ್ರತ್ಯುತ್ತರದ ಪೀಡೆ

ಪರಭಾಷೆಯನ್ನು ಕಲಿಯುವುದರಲ್ಲಿ ಮಾತನಾಡುವುದೇ ಕಷ್ಟವೆಂದು ಬಗೆದಿರುವವರು ಆ ಭಾಷೆಯನ್ನು ಅದರ ನೆಲದಲ್ಲಿ ನಿಂತು ಆಡಿದವರಲ್ಲವೆಂದೇ ತಿಳಿಯತಕ್ಕದ್ದು. ಮಾತನಾಡುವುದೇನು ಮಹಾ! ವಾಕ್ಯವನ್ನು ಮನೆಯಲ್ಲಿಯೇ ಹೊಸೆದು, ದಾರಿಯುದ್ದಕ್ಕೂ ಜಪಿಸಿ, ಅಂಗಡಿಯ ಬಾಗಿಲಲ್ಲಿ ಇನ್ನೊಮ್ಮೆ ಮೆಲುಕು ಹಾಕಿ, ಒಳಹೊಕ್ಕು ಒಪ್ಪಿಸಿಬಿಡಬಹುದು. ಒಪ್ಪಿಸಿದ ಕೂಡಲೆ ಎದುರಿನವರು ಉತ್ತರ ಕೊಡುತ್ತಾರಲ್ಲ, ವಿಪತ್ತು ಅಲ್ಲಿಂದ ಆರಂಭ. ಲಿಯೋನ್ ನಗರದಲ್ಲಿ ಸಂಸಾರ ಹೂಡಿದ ಮೇಲೆ ಅಭಿಮನ್ಯುವಿನ ಮೇಲೆ ನನಗಿದ್ದ ಗೌರವ ಇಮ್ಮಡಿಯಾಗಿದೆ. ವ್ಯೂಹವನ್ನು ಹೊಗುವ ವಿದ್ಯೆ ಅವನಿಗೂ ಚೆನ್ನಾಗಿಯೇ ಬರುತ್ತಿತ್ತು. 1788ರಲ್ಲಿ ಹದಿನಾರನೆಯ ಲೂಯಿಯನ್ನು ಕಾಣಲು ವರ್ಸೈ ಅರಮನೆಗೆ ಬಂದ ಟಿಪ್ಪುವಿನ ಮೂವರು ರಾಯಭಾರಿಗಳು ದುಭಾಷಿಯ ಮುಖಾಂತರವೇ ಮಾತನಾಡಿದರಂತೆ. ನಮ್ಮ ಮೈಸೂರಿನವರ ಆ ದೂರದೃಷ್ಟಿಯನ್ನು ಇತಿಹಾಸಕಾರರು ಸಾಲದಷ್ಟೇ ಕೊಂಡಾಡಿದ್ದಾರೆ.

ಕ್ರ್ವಾ-ರೂಸ್ ದಿಣ್ಣೆಯ ಮೇಲೆ ನಡೆಯುವ ಬೆಳಗಿನ ಸಂತೆಯಲ್ಲಿ ‘ಬೋಂಜೂರ್’ ಎನ್ನದೆ ಟೊಮ್ಯಾಟೊ ಕೇಳುವವನಿಗೆ ಟೊಮ್ಯಾಟೊ ಸಿಕ್ಕುವುದು ಅನುಮಾನ. ಸಿಕ್ಕರೂ ಮೆತ್ತಗಾದದ್ದೇ ಸಿಕ್ಕೀತು. ಹಾಗೆಂದು ಮರೆತ ಕೊತ್ತಂಬರಿಗಾಗಿ ಹಿಂದಿರುಗಿ ಬಂದು ಅದೇ ಮಹಿಳೆಗೆ ಮತ್ತೊಮ್ಮೆ ‘ಬೋಂಜೂರ್’ ಎಂದರೆ, ಅರ್ಧ ಗಂಟೆಯ ಹಿಂದೆ ಆಕೆಯನ್ನು ಕಂಡದ್ದೇ ಸ್ಮರಣೆಯಲ್ಲಿಲ್ಲವೆಂದು ಸಾರಿದಂತಾಗುತ್ತದೆ. ಈ ಸಂಕಟಕ್ಕೆಂದೇ ‘ರೆಬೋಂಜೂರ್’ ಎಂಬ ಪುನರ್ನಮಸ್ಕಾರವೊಂದುಂಟು. ಹೊರಡುವಾಗ ದಿನಕ್ಕೊಂದು ಶುಭಾಶಯ, ಸಂಜೆಗೆ ಬೇರೊಂದು, ಮಧ್ಯಾಹ್ನದ ಉಳಿದ ಭಾಗಕ್ಕೆ ಮತ್ತೊಂದು. ಫ್ರೆಂಚರು ದಿನವನ್ನು ಪಂಚಾಂಗದವರಂತೆ ಘಳಿಗೆ ಘಳಿಗೆಯಾಗಿ ಹರಸುತ್ತಾರೆ.

ಇವೆಲ್ಲ ಅಭ್ಯಾಸಬಲದಿಂದ ಸಾಧ್ಯವಾಗುವಂಥವು. ಸಾಧ್ಯವಾಗದ್ದು ಸಂಖ್ಯೆ. ಅರವತ್ತರವರೆಗೆ ಸಜ್ಜನಿಕೆಯಿಂದ ನಡೆದುಬಂದ ಈ ಜನ, ಎಪ್ಪತ್ತಕ್ಕೆ ‘ಅರವತ್ತು-ಹತ್ತು’ ಎಂದು ಸೋಮಾರಿತನ ತೋರಿ, ಎಂಬತ್ತಕ್ಕೆ ‘ನಾಲ್ಕು-ಇಪ್ಪತ್ತು’ ಎಂದು ಗುಣಾಕಾರಕ್ಕಿಳಿದು, ತೊಂಬತ್ತೇಳಕ್ಕೆ ‘ನಾಲ್ಕು-ಇಪ್ಪತ್ತು-ಹದಿನೇಳು’ ಎಂದು ಗುಣಾಕಾರದ ಮೇಲೆ ಸಂಕಲನವನ್ನು ಹೇರುತ್ತಾರೆ. ಇಪ್ಪತ್ತರ ಲೆಕ್ಕದ ಈ ವ್ಯಾಮೋಹ ಇಂದು ನಿನ್ನೆಯದಲ್ಲ. ಒಂಬತ್ತನೆಯ ಲೂಯಿ ದೊರೆ ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಮುನ್ನೂರು ಮಂದಿ ಅಂಧರಿಗೆ ಕಟ್ಟಿಸಿಕೊಟ್ಟ ಆಶ್ರಯಕ್ಕೆ ‘ಹದಿನೈದು-ಇಪ್ಪತ್ತು’ ಎಂದೇ ಹೆಸರಾಯಿತು. ಇಂದು ಕಣ್ಣಿನ ಆಸ್ಪತ್ರೆಯಾಗಿರುವ ಅದು ಆ ಹೆಸರನ್ನು ಬಿಟ್ಟಿಲ್ಲ. ಗಡಿಯಾಚೆ ಜಿನೀವಾದವರು ಎಪ್ಪತ್ತಕ್ಕೂ ತೊಂಬತ್ತಕ್ಕೂ ಒಂದೊಂದು ನೇರವಾದ ಪದವನ್ನಿಟ್ಟುಕೊಂಡು ಸುಖವಾಗಿದ್ದಾರೆ. ಆದರೂ ಎಂಬತ್ತರಲ್ಲಿ ಮಾತ್ರ ಅವರೂ ಜಾರಿ ನಾಲ್ಕು-ಇಪ್ಪತ್ತಕ್ಕೇ ಬೀಳುತ್ತಾರೆ. ಎಂಬತ್ತಕ್ಕೂ ಸ್ವಂತ ಪದ ಬೇಕೆನ್ನುವವರು ಲೋಸಾನಿನವರೆಗೆ ಹೋಗಬೇಕು. ಬೆಣ್ಣೆ ಕೊಳ್ಳಲು ಅಷ್ಟು ದೂರ ಹೋಗುವುದು ಗೃಹಸ್ಥನಿಗೆ ಸಾಧ್ಯವೆ?

ಇನ್ನು ಅಕ್ಷರಗಳ ವಿಚಾರ. ಬರೆದದ್ದನ್ನೆಲ್ಲ ಓದುವ ನಮ್ಮ ಸಂಪ್ರದಾಯದವನಿಗೆ, ಬರೆದುದರಲ್ಲಿ ಮುಕ್ಕಾಲನ್ನು ನುಂಗುವ ಈ ಸಂಯಮ ಸುಲಭವಾಗಿ ಒಗ್ಗುವುದಿಲ್ಲ. ಹಕಾರವನ್ನಂತೂ ಅವರು ಉಚ್ಚರಿಸುವುದೇ ಇಲ್ಲ. ಆದುದರಿಂದ ಇಲ್ಲಿ ನನ್ನ ಊರು ಹಾಸನವು ‘ಆಸನ’ವಾಗಿದೆ. ಇದಕ್ಕೆ ನಾನು ನೊಂದವನಲ್ಲ, ನಮ್ಮ ಕಡೆಯ ಹಳ್ಳಿಗರು ಅನಾದಿಕಾಲದಿಂದಲೂ ‘ಆಸ್ನ’ ಎಂದೇ ಅನ್ನುತ್ತ, ಶಾಲೆಯ ಮೇಷ್ಟರಿಂದ ಬೈಸಿಕೊಳ್ಳುತ್ತ ಬಂದಿದ್ದಾರೆ. ಆದರೆ ನಮ್ಮ ರೈತನು ಬಿಟ್ಟ ಹಕಾರ ಬಿಟ್ಟುಹೋಯಿತು, ಅಷ್ಟೆ. ಫ್ರೆಂಚರಲ್ಲಿ ಉಚ್ಚರಿಸದ ಹಕಾರಗಳಲ್ಲಿಯೂ ಎರಡು ಜಾತಿ: ಒಂದು ಪೂರಾ ಮೂಕ, ಹಿಂದಿನ ಪದದೊಡನೆ ಸಂಧಿಗೆ ಒಪ್ಪುತ್ತದೆ; ಇನ್ನೊಂದು ಮೂಕವಾಗಿದ್ದೂ ಮಡಿಯಲ್ಲಿರುತ್ತದೆ, ಯಾವ ಪದವನ್ನೂ ಮುಟ್ಟಿಸಿಕೊಳ್ಳುವುದಿಲ್ಲ. ನಾಯಕನ ಹಕಾರ ಮಡಿಯದು, ಆತನ ನಾಯಕಿಯ ಹಕಾರ ಸಂಧಿಗೆ ಸಿದ್ಧವಾದದ್ದು. ಕಾರಣ ಕೇಳಿದರೆ ಭುಜ ಕುಣಿಸಿ, ಕೆನ್ನೆಯುಬ್ಬಿಸಿ ‘ಬೋಫ್’ ಎನ್ನುತ್ತಾರೆ; ವ್ಯಾಕರಣಗ್ರಂಥಗಳು ಕೊಡುವ ಸಮಾಧಾನವೂ ಇದಕ್ಕಿಂತ ಬಹಳ ಹೆಚ್ಚಿನದಲ್ಲ.

ಇವನ್ನೆಲ್ಲ ಕಾಯಲು ರಿಶೆಲ್ಯೂ ಎಂಬ ಮಂತ್ರಿವರ್ಯನು 1635ರಲ್ಲಿ ಸ್ಥಾಪಿಸಿದ ಅಕಾಡೆಮಿಯೊಂದುಂಟು. ಅದರ ನಲವತ್ತು ಸದಸ್ಯರಿಗೆ ‘ಅಮರರು’ ಎಂದೇ ಬಿರುದು. ಅವರ ನಿಘಂಟಿನ ಎಂಟನೆಯ ಆವೃತ್ತಿ ಮುಗಿದದ್ದು 1935ರಲ್ಲಿ, ಒಂಬತ್ತನೆಯದು 2024ರಲ್ಲಿ ಎಂಬುದನ್ನು ನೋಡಿದರೆ, ಆ ಬಿರುದು ಗೌರವಾರ್ಥವಾಗಿ ಕೊಟ್ಟದ್ದಲ್ಲ, ಕೆಲಸಕ್ಕೆ ಬೇಕಾದ ಕನಿಷ್ಠ ಅರ್ಹತೆಯೆಂದು ಗೊತ್ತಾಗುತ್ತದೆ.

ಕನ್ನಡಿಗನಿಗೆ ನಿರಾಯಾಸವಾದ ಒಂದೇ ಒಂದು ಸಂಗತಿಯೆಂದರೆ ನೀನು-ನೀವುಗಳ ವಿವೇಚನೆ. ಇಂಗ್ಲಿಷರು ತಬ್ಬಿಬ್ಬಾಗುವ ಕಡೆ ನಾವು ತಲೆಯೆತ್ತಿ ನಡೆಯಬಹುದು. ದೇವರನ್ನು ಏಕವಚನದಲ್ಲಿ ಗದರಿಸುವ ಸಲಿಗೆಯನ್ನು ನಮ್ಮ ವಚನಕಾರರು ಹನ್ನೆರಡನೆಯ ಶತಮಾನದಲ್ಲಿಯೇ ಪಡೆದುಕೊಂಡರು. ಇಲ್ಲಿನ ಕ್ಯಾಥೊಲಿಕರು ‘ಪರಲೋಕದ ತಂದೆ’ಯ ಪ್ರಾರ್ಥನೆಯಲ್ಲಿ ಬಹುವಚನವನ್ನು ಬಿಟ್ಟದ್ದು 1966ರಲ್ಲಿ.

ನನ್ನ ಮಿತ್ರರೊಬ್ಬರು, ದಾವಣಗೆರೆಯವರು, ವೃತ್ತಿಯಿಂದ ಗಣಿತಜ್ಞರು, ಯಾವುದೋ ಕಚೇರಿಗೆ ಫೋನಿನಲ್ಲಿ ತಮ್ಮ ನಂಬರನ್ನು ಹೇಳಬೇಕಾಯಿತು. ಇಲ್ಲಿ ಹತ್ತು ಅಂಕಿಗಳನ್ನು ಐದು ಜೋಡಿಗಳಾಗಿ ಹೇಳುವುದು ರೂಢಿ. ಆ ವ್ಯೂಹವನ್ನು ತಪ್ಪಿಸಿಕೊಳ್ಳುವ ಜಾಣ್ಮೆಯಿಂದ ಅವರು ಒಂದೊಂದೇ ಅಂಕಿಯನ್ನು ಬಿಡಿಬಿಡಿಯಾಗಿ, ಮಕ್ಕಳಿಗೆ ಹೇಳಿಕೊಡುವಷ್ಟು ನಿಧಾನವಾಗಿ ಒಪ್ಪಿಸಿದರು. ಅತ್ತಲಿನ ಗುಮಾಸ್ತೆಗೆ ಒಂದೂ ತಿಳಿಯಲಿಲ್ಲ. ಫ್ರೆಂಚ್ ಕಿವಿಗೆ ಜೋಡಿಯಿಲ್ಲದ ಅಂಕಿ ಅಂಕಿಯೇ ಅಲ್ಲ. ಕೊನೆಗೆ ಆಕೆಯೇ ಕನಿಕರದಿಂದ ತಾನು ಊಹಿಸಿದ್ದನ್ನು ಜೋಡಿ ಕಟ್ಟಿ, ಅರವತ್ತು-ಹದಿನೆಂಟು, ನಾಲ್ಕು-ಇಪ್ಪತ್ತು-ಹದಿಮೂರು ಎಂದು ಮಿಂಚಿನ ವೇಗದಲ್ಲಿ ತಿರುಗಿ ಹೇಳಿ, ಸರಿಯೇ ಎಂದು ಕೇಳಿದಳು. ಮಿತ್ರರು ಹಣೆಯ ಬೆವರನ್ನು ಒರಸಿಕೊಳ್ಳುತ್ತ, ‘ವುಯಿ, ಮದಾಮ್’ ಎಂದರು. ಆಕೆ ಮಾತಿಗೆ ತಪ್ಪದೆ ಮರುದಿನವೇ ಫೋನು ಮಾಡಿದ್ದಾಳೆಂದು ಅವರು ಇಂದಿಗೂ ನಂಬಿದ್ದಾರೆ. ಎತ್ತಿಕೊಂಡವರು ಯಾರೋ, ಅವರು ಏನುತ್ತರ ಕೊಟ್ಟರೋ.