ಮಾರಿಯೋಗೆ ಎರಡೇ ಬಟನ್ ಸಾಕು

ನಾರಾವಿಯಿಂದ ಕಾರ್ಕಳಕ್ಕೋ ಬೆಳ್ತಂಗಡಿಗೋ ಬಸ್ಸು ಹತ್ತಿ ವಿಡಿಯೋ ಗೇಮಿನ ಕಂಟ್ರೋಲರ್ ತರುವುದು ಸುಲಭ. ಯಾವುದನ್ನು ತರುವುದು ಎಂಬುದೇ ತಲೆನೋವು. ಹಳೆಯ ಗೇಮ್ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರಿನಲ್ಲಿ ಹಳೆಯ ಆಟ ಆಡುವವರು ಕಂಟ್ರೋಲರನ್ನು ಆರಿಸಬೇಕಾದದ್ದು ಆಟದ ವಯಸ್ಸು ನೋಡಿ, ಕಂಟ್ರೋಲರಿನ ಮೇಲೆ ಮಿನುಗುವ ದೀಪ ನೋಡಿ ಅಲ್ಲ. ನಿಂಟೆಂಡೊದ 1983ರ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ ಪ್ಲಸ್ ಆಕಾರದ ಒಂದು ದಿಕ್ಕಿನ ಬಟನ್, ಜಿಗಿಯಲು ಓಡಲು ಎ ಮತ್ತು ಬಿ ಇದ್ದರೆ ಮುಗಿಯಿತು. 1990ರ ಸೂಪರ್ ಫ್ಯಾಮಿಕಾಮ್‌ನಲ್ಲಿ ಆಟದ ಬಟನ್‌ಗಳು ಆರಾದವು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಟಿವಿಗೆ ಸಿಕ್ಕಿಸುತ್ತಿದ್ದ ಕ್ಯಾಸೆಟ್ಟಿನ ವಿಡಿಯೋ ಗೇಮ್‌ಗಳಲ್ಲೂ ಫ್ಯಾಮಿಕಾಮ್‌ನ ನಕಲುಗಳೇ ಹೆಚ್ಚು. ಇಂಥ ಆಟಕ್ಕೆ ಎತ್ತ ಬೇಕಾದರೂ ವಾಲುವ ಅನಲಾಗ್ ಸ್ಟಿಕ್ ಹಿಡಿಯುವುದು ಮದ್ದಳೆಗೆ ಚೆಂಡೆಯ ಕೋಲು ಹಾಕಿದಂತೆ: ಸದ್ದು ಬರುತ್ತದೆ, ನುಡಿತ ಬರುವುದಿಲ್ಲ.

ಕೀಬೋರ್ಡ್ ಪುಕ್ಕಟೆ ಇದೆಯಲ್ಲ ಎನ್ನಬಹುದು. ಅಗ್ಗದ ಅನೇಕ ಕೀಬೋರ್ಡುಗಳಿಗೆ ಕೆಲವೊಮ್ಮೆ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಒಂದು ಕೇಳಿಸುವುದೇ ಇಲ್ಲ. ಬಲಕ್ಕೆ ಓಡುತ್ತ ಜಿಗಿಯಲು ಬೇಕಾದದ್ದೂ ಮೂರೇ. ಪಾಪದ ಮಾರಿಯೋ ಹೊಂಡಕ್ಕೆ! ವೈರ್‌ಲೆಸ್ ಆಗದೇ? ಆಗುತ್ತದೆ. ಆದರೆ ಸೆಕೆಂಡಿಗೆ ಸುಮಾರು 60 ಚಿತ್ರ ಓಡುವ ಆಟದಲ್ಲಿ ಬ್ಲೂಟೂತಿನ ಚೂರು ವಿಳಂಬವೂ ಲೆಕ್ಕಕ್ಕೆ ಬರುತ್ತದೆ; ಮೇಲಾಗಿ ಮಳೆಗಾಲದಲ್ಲಿ ಮೊಬೈಲು, ಇನ್ವರ್ಟರುಗಳೇ ಚಾರ್ಜಿಗೆ ಬಾಯಿಬಿಡುವಾಗ ಮನೆಗೆ ಇನ್ನೊಂದು ಹಸಿದ ಬ್ಯಾಟರಿ ಯಾಕೆ? 1996ರ ನಿಂಟೆಂಡೊ 64ರ ಹೆಚ್ಚಿನ ಆಟಗಳಿಗೆ ಸ್ಟಿಕ್ ಬೇಕೇ ಬೇಕು ಎಂಬ ತಕರಾರು ಮಾತ್ರ ನ್ಯಾಯವಾದದ್ದು. ಹಾಗಾಗಿ ದಿಕ್ಕಿನ ಬಟನ್ ಗಟ್ಟಿಯಾಗಿರುವ, ಸ್ಟಿಕ್ಕೂ ಇರುವ, ವೈರಿನ ಒಂದು ಕಂಟ್ರೋಲರ್ ಬಹುತೇಕರಿಗೆ ಸಾಕು. ಸೋತಾಗ ದೂರಲು ಏನೂ ಉಳಿಯುವುದಿಲ್ಲ ಎಂಬುದೊಂದೇ ಅದರ ದೋಷ.