ಸಹಿ ಹಾಕುವ ಜೇಡ

ದೇವಸಮುದ್ರದ ಹಿತ್ತಲಲ್ಲಿ ಹೊಸ ಜೇಡ ಕಂಡರೆ ಸಾಕು, ಬೇಲಿಯಾಚೆಯಿಂದ ತೀರ್ಪು ಬರುತ್ತದೆ: "ಮುಟ್ಬ್ಯಾಡಪ್ಪೋ, ಕಡಿದ್ರೆ ನೀರೂ ಕೇಳಲ್ಲ!" ಆರೋಪಿ ಮಾತ್ರ ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಚಿಹ್ನೆಯಂತೆ ತಲೆಕೆಳಗಾಗಿ ತೂಗುತ್ತಿರುತ್ತದೆ. ಬಲೆಯಲ್ಲಿ ಬಿಳಿ ಅಂಕುಡೊಂಕು ಗೀಟು, ಬೆನ್ನ ಮೇಲೆ ಹಳದಿ ಪಟ್ಟೆ ಇದ್ದರೆ ಅದು ಆರ್ಜಿಯೋಪೆ, ಅಂದರೆ ಸಹಿ ಜೇಡ. ಅದರ ವಿಷವೇನಿದ್ದರೂ ನೊಣ, ಮಿಡತೆಗಳಿಗೆ. ನಮ್ಮನ್ನು ಕಚ್ಚುವುದೇ ಅಪರೂಪ, ಕಚ್ಚಿದರೂ ಸಾಮಾನ್ಯವಾಗಿ ಕೊಂಚ ಉರಿ, ಊತ ಅಷ್ಟೇ. ನಿಜವಾಗಿ ಹೆದರಬೇಕಾದವನು ಗಂಡು ಜೇಡ. ಹೆಂಡತಿಯ ಮುಂದೆ ತೀರಾ ಪುಟ್ಟದಾದ ಈ ಬಡಪಾಯಿ, ಪ್ರಸ್ತ ಮುಗಿಯುವಷ್ಟರಲ್ಲಿ ಊಟವಾಗಿಬಿಡಬಹುದು! ಇನ್ನು ಆ ಗೀಟು ಹುಳ ಸೆಳೆಯಲೋ, ಹಕ್ಕಿಗೆ ಎಚ್ಚರಿಕೆಯೋ ಎಂದು ವಿಜ್ಞಾನಿಗಳು ಇವತ್ತಿಗೂ ಜಗಳವಾಡುತ್ತಿದ್ದಾರೆ. ಮೊಳಕಾಲ್ಮೂರಿನ ನೇಕಾರರನ್ನು ಕೇಳಿದರೆ, "ರೇಷ್ಮೆ ಅಂದ್ಮೇಲೆ ಬುಟ್ಟಾ ಬ್ಯಾಡ್ವಾ?" ಎಂದಾರು.